ಒಂದಕ್ಕೆ ಎಪ್ಪತ್ತೆರಡು

ನಮ್ಮ ಕಡೆ ಮಾತಿಗೆ ಅಳತೆ ಎಂಬುದಿಲ್ಲ. ಹೊಲದ ಬದುವಿನಲ್ಲಿ ಕಂಡ ಕೇರೆಹಾವು ಅಗಸಿ ಮುಟ್ಟುವಷ್ಟರಲ್ಲಿ ನಾಗರವಾಗಿರುತ್ತದೆ, ಚಹಾದಂಗಡಿಗೆ ಬರುವಷ್ಟರಲ್ಲಿ ಅದಕ್ಕೆ ಮೀಸೆ ಮೂಡಿರುತ್ತದೆ. ಎಕರೆಗೆ ಐದು ಚೀಲ ತೊಗರಿ ಬೆಳೆದವನು ಬೀಗರ ಮುಂದೆ ಹತ್ತು ಎನ್ನುತ್ತಾನೆ. ಅದೇ ಮನುಷ್ಯ ಸಾಲ ವಸೂಲಿಗೆ ಬಂದವರ ಮುಂದೆ ಎರಡಕ್ಕಿಳಿಯುತ್ತಾನೆ, ಆ ಮಾತು ಬೇರೆ. ಇಂಥ ಜಿಡಗಾದಲ್ಲಿ ಲೆಕ್ಕ ಹಾಕಿ ಎಲ್ಲವನ್ನೂ ಕುಗ್ಗಿಸುವವರು ಒಬ್ಬರೇ. ಅವರು ನಮ್ಮ ಮಿಲ್ಟ್ರಿ ಮಾಮಾ.

ಜಿಡಗಾ ಎಂದರೆ ಹೊರಗಿನವರಿಗೆ ಮಠ. ಬೆಳಗಾವಿ ಜಿಲ್ಲೆಯ ಮುಗಳಖೋಡದ ಜೊತೆ ಸೇರಿಸಿ ಒಂದೇ ಉಸಿರಿನಲ್ಲಿ ಹೆಸರು ಹೇಳುತ್ತಾರೆ. ಆಳಂದದ ಬಸ್ಸಿಳಿದ ಭಕ್ತರು ದಾರಿ ತಪ್ಪಿ ಮಾಮಾನ ಓಣಿಗೆ ಬಂದದ್ದುಂಟು. ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ, ಕಣ್ಣಿಗೆ ಭೂತಗನ್ನಡಿ ಏರಿಸಿ, ಉಸಿರು ಬಿಗಿಹಿಡಿದು ಕೂತವರನ್ನು ಕಂಡು, ಏನೋ ಸಾಧನೆ ನಡೆದಿದೆ ಎಂದು ಚಪ್ಪಲಿ ಬಿಟ್ಟು ನಿಲ್ಲುತ್ತಾರೆ. ಸಾಧನೆ ನಡೆದಿರುವುದೂ ನಿಜವೇ. ಪುಟ್ಟ ಮಾದರಿ ವಿಮಾನದ ಮೂತಿಗೆ ಕೂದಲೆಳೆಯಂಥ ತಂತಿ ಅಂಟಿಸುವಾಗ ಉಸಿರು ಬಿಟ್ಟರೆ ಅದು ಹಾರಿ ಎಮ್ಮೆಯ ಗೋದಲಿಗೆ ಬೀಳುತ್ತದೆ. ಎಮ್ಮೆ ತಿಂದ ಬಿಡಿಭಾಗಗಳನ್ನೆಲ್ಲ ಕೂಡಿಸಿದ್ದರೆ ಇಷ್ಟೊತ್ತಿಗೆ ಒಂದು ಹೆಲಿಕಾಪ್ಟರ್ ಆಗುತ್ತಿತ್ತು ಎಂದು ಅತ್ತಿಯ ಅಂದಾಜು.

ಫೌಜಿನಿಂದ ಬಂದವರಿಂದ ಊರು ಬಯಸುವುದು ಎರಡನ್ನು: ಲಡಾಯಿಯ ಕಥೆ, ಕ್ಯಾಂಟೀನಿನ ಸಾಮಾನು. ಎರಡನೆಯದರ ವಿವರ ಮಠದೂರಿನಲ್ಲಿ ಕೂತು ಬರೆಯುವುದು ಚಂದವಲ್ಲ. ಪ್ರೆಶರ್ ಕುಕ್ಕರ್ ಎಂದಿಟ್ಟುಕೊಳ್ಳಿ. ಮೊದಲನೆಯದರಲ್ಲಿ ಮಾತ್ರ ಮಾಮಾ ಊರಿಗೆ ಪೂರ್ತಿ ನಿರಾಸೆ ಮಾಡಿದರು. ಅವರಿದ್ದದ್ದು ಇಎಂಇಯಲ್ಲಿ, ಅಂದರೆ ಕೆಟ್ಟ ಗಾಡಿ, ಕೆಟ್ಟ ತೋಪು, ಕೆಟ್ಟ ಟ್ಯಾಂಕು ರಿಪೇರಿ ಮಾಡುವ ದಳದಲ್ಲಿ. ಸಿಕಂದರಾಬಾದಿನಲ್ಲಿ ಟ್ರೇನಿಂಗ್.

"ಎಪ್ಪತ್ತೊಂದರ ಲಡಾಯಿದಾಗ ಎಷ್ಟು ಮಂದಿಗಿ ಹೊಡ್ದಿರಿ ಮಾಮಾ?" ಎಂದು ಹುಡುಗರು ಕೇಳುತ್ತಾರೆ.

"ಮಂದಿಗಲ್ಲೋ ತಮ್ಮಾ, ಟ್ಯಾಂಕಿನ ಪಟ್ಟಿ ಪಿನ್ನಿಗಿ ಹೊಡ್ದೀನಿ. ಸುತ್ತಿಗಿಲೆ."

ಹುಡುಗರು ಎದ್ದು ಹೋಗುತ್ತಾರೆ. ಮಾಮಾ ಮತ್ತೆ ಭೂತಗನ್ನಡಿ ಇಳಿಸಿಕೊಳ್ಳುತ್ತಾರೆ.

ಹಾಗೆ ಪಿನ್ನು ಬಡಿದ ಟ್ಯಾಂಕುಗಳಲ್ಲಿ ಅವರಿಗೆ ಪ್ರೀತಿಯದು ವಿಜಯಂತ. ನಕ್ಷೆ ಇಂಗ್ಲೆಂಡಿನ ವಿಕರ್ಸ್ ಕಂಪನಿಯದು, ತಯಾರಾದದ್ದು ಮದ್ರಾಸಿನ ಹತ್ತಿರದ ಆವಡಿಯಲ್ಲಿ, 1965ರಿಂದ. ಅದರ ಕಿಟ್ ಮಾಮಾಗೆ ಎಲ್ಲೂ ಸಿಗಲಿಲ್ಲ. ಹಾಗಾಗಿ ಲಗ್ನಪತ್ರಿಕೆಯಿಂದ ಮಾಡಿದರು. ಉಳ್ಳವರ ಮನೆಯ ಪತ್ರಿಕೆ ದಪ್ಪ ರಟ್ಟು, ಎದುರಿನ ಕವಚಕ್ಕೆ ಲಾಯಕ್ಕು. ಇಲ್ಲದವರದು ತೆಳು, ಚಕ್ರದ ಮೇಲಿನ ಮಡ್‌ಗಾರ್ಡಿಗೆ ಸಾಕು. ತೋಪಿನ ನಳಿಗೆಗೆ ಬಾಲ್‌ಪೆನ್ನಿನ ರೀಫಿಲ್ಲು, ಪಟ್ಟಿಗೆ ಸೈಕಲ್ ಟ್ಯೂಬು. ಮೇಲಿನ ಮುಚ್ಚಳ ತೆಗೆದು ಟಾರ್ಚು ಬಿಟ್ಟರೆ ಒಳಗೋಡೆಯಲ್ಲಿ "ಸಹಕುಟುಂಬ ಸಪರಿವಾರ ಸಮೇತರಾಗಿ" ಎಂಬ ಅಕ್ಷರಗಳು ಈಗಲೂ ಓದಲು ಸಿಗುತ್ತವೆ.

ಆ ಟ್ಯಾಂಕಿನ ಅಳತೆ 1:35. ಇದೇನು ಮೂವತ್ತೈದು, ಮೂವತ್ತೂ ಅಲ್ಲ ನಲವತ್ತೂ ಅಲ್ಲ ಎಂದು ನನಗೆ ಬಹಳ ದಿನ ಕಾಡಿತ್ತು. ಜಪಾನಿನ ತಮಿಯಾ ಕಂಪನಿ 1961ರಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾದರಿ ಮಾಡುವಾಗ ಒಳಗೆ ಮೋಟಾರು, ಬ್ಯಾಟರಿ ಹಿಡಿಯಬೇಕಿತ್ತು. ಅವು ಹಿಡಿಸುವಷ್ಟು ಹೊಟ್ಟೆ ಬಿಟ್ಟು ಅಳೆದು ನೋಡಿದರೆ ಮೂವತ್ತೈದಕ್ಕೊಂದು ಬಂತು. ಜಗತ್ತಿನ ಟ್ಯಾಂಕುಗಳೆಲ್ಲ ಆ ಮೇಲೆ ಅದೇ ಲೆಕ್ಕಕ್ಕೆ ಬಿದ್ದವು. ಶಾಸ್ತ್ರಗಳು ಹುಟ್ಟುವುದು ಹೆಚ್ಚಾಗಿ ಹೀಗೆಯೇ ಇರಬೇಕು.

ಮಾಮಾ ಇಲ್ಲಿಗೆ ನಿಲ್ಲುವವರಲ್ಲ. ಉದ್ದ ಮೂವತ್ತೈದು ಪಟ್ಟು ಕುಗ್ಗಿದರೆ ಅಗಲವೂ ಅಷ್ಟೇ, ಎತ್ತರವೂ ಅಷ್ಟೇ. ಹಾಗಾದರೆ ತೂಕ ಕುಗ್ಗುವುದು 42,875 ಪಟ್ಟು. ವಿಜಯಂತದ ತೂಕ ಸುಮಾರು 39 ಟನ್. ಭಾಗಿಸಿದರೆ ಒಂಬೈನೂರು ಗ್ರಾಮಿನ ಆಸುಪಾಸು. ಲೆಕ್ಕ ಮುಗಿದ ದಿನ ಅವರು ರಟ್ಟಿನ ಟ್ಯಾಂಕಿನ ಹೊಟ್ಟೆಗೆ ಅಡುಗೆಮನೆಯ ತೊಗರಿಬ್ಯಾಳಿ ತುಂಬಿ, ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗಿಸಿದರು. ಕಲಬುರಗಿ ತೊಗರಿಬ್ಯಾಳಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಟ್ಯಾಂಕಿನೊಳಗೆ ಅಂಥ ಮದ್ದುಗುಂಡು ಸೇರಿದ್ದು ಅತ್ತಿಗೆ ತಿಳಿದದ್ದು ಮಧ್ಯಾಹ್ನ ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ.

"ಇದ್ದ ಹರೇ ಎಲ್ಲಾ ಸರಕಾರ ಒಯ್ತು," ಎಂದರು ಅತ್ತಿ. "ಉಳದಿದ್ದು ಈ ಆಟಿಕಿ ಒಯ್ಲತ್ತಾವ. ಬ್ಯಾಳಿಯರ ನನಗ ಬಿಡ್ರಿ."

ಈ ಹುಚ್ಚು ಅವರಿಗೆ ಹತ್ತಿದ್ದು ಆಟಿಕೆ ಅಂಗಡಿಯಲ್ಲಲ್ಲ, ಮರಳಿನಲ್ಲಿ. ದಾಳಿಗೆ ಮೊದಲು ಫೌಜಿನಲ್ಲಿ ಸ್ಯಾಂಡ್ ಮಾಡೆಲ್ ಮಾಡುತ್ತಾರೆ. ನೆಲದ ಮೇಲೆ ಮರಳು ಸುರಿದು ಎದುರಿನ ಗುಡ್ಡ, ಹಳ್ಳ, ಊರುಗಳನ್ನು ಸಣ್ಣದಾಗಿ ಮೂಡಿಸುವುದು. ಬಣ್ಣ ಹಾಕಿದ ಕಟ್ಟಿಗೆ ಪುಡಿಯಿಂದ ಬೆಳೆ, ಸುಣ್ಣದಿಂದ ದಾರಿ, ನೀಲಿಯಿಂದ ನೀರು. ಸುತ್ತ ಕೂತ ಜವಾನರಿಗೆ ಸಾಹೇಬರು ಕೋಲು ಹಿಡಿದು ಯಾರು ಎಲ್ಲಿಂದ ಹೋಗಬೇಕೆಂದು ತೋರಿಸುತ್ತಾರೆ. ಮಾಮಾ ಚಿಕ್ಕಂದಿನಲ್ಲಿ ಜೋಳದ ದಂಟಿನ ಬೆಂಡಿಗೆ ಸಿಬಿರು ಚುಚ್ಚಿ ಬಂಡಿ ಮಾಡುತ್ತಿದ್ದವರು. ಆ ಕೈ ನೋಡಿ ಸುಬೇದಾರರು ಮರಳಿನ ಕೆಲಸಕ್ಕೆ ಕರೆದರಂತೆ. ಲಡಾಯಿಯ ಬಗ್ಗೆ ಅವರು ನನ್ನ ಮುಂದೆ ಬಾಯಿಬಿಟ್ಟದ್ದು ಇಷ್ಟೇ: "ಮರಳಿನ್ಯಾಗ ಆ ಗುಡ್ಡ ಎರಡು ಬೆರಳು ಇತ್ತು. ಭಾಳ ಚಂದ ಮಾಡಿದ್ದೆ. ಹತ್ತಲಾಕ ಹೋದೋರಿಗಿ ಅದು ಎರಡು ಬೆರಳು ಇರಲಿಲ್ಲ." ಮುಂದೆ ಕೇಳುವಷ್ಟರಲ್ಲಿ ಬ್ರಷ್ ತೊಳೆಯಲು ಬಚ್ಚಲಿಗೆ ಎದ್ದು ಹೋದರು.

ವಿಮಾನಗಳಿಗೆ ಬೇರೆ ಅಳತೆ, 1:72. ಆರಡಿಯ ಆಳು ಒಂದಿಂಚಾಗುತ್ತಾನೆ. ಬ್ರಿಟನ್ನಿನ ಏರ್‌ಫಿಕ್ಸ್ 1953ರಲ್ಲಿ ಸ್ಪಿಟ್‌ಫೈರ್ ವಿಮಾನದ ಪ್ಲಾಸ್ಟಿಕ್ ಕಿಟ್ ತಂದ ಮೇಲೆ ಈ ಅಳತೆ ಮನೆಮನೆ ಸೇರಿತು. ಅದಕ್ಕೂ ಮೊದಲೇ, 1942ರಲ್ಲಿ, ಅಮೆರಿಕದ ನೌಕಾಪಡೆ ಶಾಲೆಯ ಹುಡುಗರಿಂದ ಇದೇ ಅಳತೆಯ ಮರದ ವಿಮಾನಗಳನ್ನು ಮಾಡಿಸಿತ್ತು. ಆಕಾಶದಲ್ಲಿ ಬರುತ್ತಿರುವುದು ನಮ್ಮವರದೋ ವೈರಿಗಳದೋ ಎಂದು ದೂರದಿಂದಲೇ ಗುರುತು ಹಿಡಿಯಲು ಸೈನಿಕರಿಗೆ ಪಾಠ. ಮಾಮಾ ಆ ಪಾಠವನ್ನು ನನಗೂ ಮಾಡಿದರು. ಅಂಗಳದ ಆ ತುದಿಯಲ್ಲಿ ನಿಂತು ಒಂದೊಂದೇ ವಿಮಾನ ಎತ್ತಿ ಹಿಡಿಯುವುದು. ಇಪ್ಪತ್ತು ಮೀಟರ್ ದೂರವೆಂದರೆ ಸುಮಾರು ಒಂದೂವರೆ ಕಿಲೋಮೀಟರ್ ಎಂದು ತಿಳಿದು ನಾನು ಹೆಸರು ಹೇಳುವುದು. ತಪ್ಪಿದರೆ, "ಸತ್ತಿ ನೋಡು" ಎಂದು ಪ್ರೀತಿಯಿಂದ ಹೇಳುತ್ತಿದ್ದರು.

ನನಗೆ ಬೇಗ ಪಾಠವಾದದ್ದು ಕಿರಣ್. ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದು ನಮ್ಮ ನೆರೆಯ ಬೀದರಿನಲ್ಲಿ. ಈಗ ಹಾಕ್ ಹಾರಿಸುತ್ತಾರೆ, ಆಗ ಹಾರಿಸುತ್ತಿದ್ದದ್ದು ಬೆಂಗಳೂರಿನ ಎಚ್‌ಎಎಲ್ ಮಾಡಿದ ಕಿರಣ್. ಹತ್ತೂವರೆ ಮೀಟರಿನ ಆ ವಿಮಾನ ಮಾಮಾನ ಕೈಯಲ್ಲಿ ಗೇಣಿಗೂ ಕಡಿಮೆ.

ತಮ್ಮ ಕಥೆ ಹೇಳದ ಮಾಮಾ ಇನ್ನೊಬ್ಬರ ಕಥೆಯನ್ನು ಮಾತ್ರ ಕೇಳದಿದ್ದರೂ ಹೇಳುತ್ತಾರೆ. ಗೋಡೆಯ ಮಾಡದಲ್ಲಿ ಎರಡು ವಿಮಾನಗಳಿವೆ, ಒಂದು ಮಿಸ್ಟೇರ್, ಒಂದು ಸ್ಟಾರ್‌ಫೈಟರ್. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರಲ್ಲಿ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಒಬ್ಬರು. ಅವರದು ಮಿಸ್ಟೇರ್. ಮೇಲೆ ಬಿದ್ದದ್ದು ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಸ್ಟಾರ್‌ಫೈಟರ್. ಅಂಥದ್ದನ್ನು ದೇವಯ್ಯ ಹೊಡೆದುರುಳಿಸಿದರು, ತಾವೂ ಮರಳಲಿಲ್ಲ. ಏನು ನಡೆಯಿತೆಂದು ಇಲ್ಲಿ ಯಾರಿಗೂ ಗೊತ್ತಾಗಲಿಲ್ಲ. ವರ್ಷಗಳ ಮೇಲೆ ವಿದೇಶಿ ಲೇಖಕನೊಬ್ಬನ ಪುಸ್ತಕದಿಂದ ವಿಷಯ ಹೊರಬಿದ್ದು, ಮಹಾವೀರ ಚಕ್ರ ಕೊಡುವ ಹೊತ್ತಿಗೆ 1988 ಆಗಿತ್ತು.

ಮಾಡದಲ್ಲಿ ಸ್ಟಾರ್‌ಫೈಟರ್ ಮಿಸ್ಟೇರಿಗಿಂತ ಎದ್ದು ಕಾಣುವಷ್ಟು ಉದ್ದವಿದೆ. "ವೈರಿದಲ್ಲೇನ್ರಿ ಮಾಮಾ, ತುಸು ಸಣ್ಣದು ಮಾಡಿದ್ರ ಏನಾಗ್ತಿತ್ತು?" ಎಂದೆ.

"ಅದನ್ನ ಸಣ್ಣದು ಮಾಡಿದ್ರ ದೇವಯ್ಯನೋರು ಮಾಡಿದ್ದೂ ಸಣ್ಣದಾಗ್ತದಪ್ಪ," ಎಂದರು.

ಊರು ಅವರ ಬಗ್ಗೆ ನಗುವುದುಂಟು, ಈ ವಯಸ್ಸಿನಲ್ಲಿ ಆಟಿಕೆ ಎಂದು. ಆದರೆ ನಗುವ ಊರೇ ಮಳೆಗಾಲ ಪೂರ್ತಿ ಮಾಡುವುದು ಇದನ್ನೇ. ಕಾರಹುಣ್ಣಿಮೆಗೆ ಜೀವಂತ ಎತ್ತಿಗೆ ಬಣ್ಣ ಹಚ್ಚಿ ಹದಿನೈದು ದಿನ ಕಳೆಯಿತೋ, ಮಣ್ಣೆತ್ತಿನ ಅಮಾವಾಸ್ಯೆ. ಆ ಮೇಲೆ ಗುಳ್ಳವ್ವ, ನಾಗಪ್ಪ, ಗಣಪ್ಪ, ಎಲ್ಲ ಮಣ್ಣಿನದೇ. ಒಂದು ವರ್ಷ ಅತ್ತಿಯೇ ಹೇಳಿದರು: "ಪರದೇಶದ ಇಮಾನ ಮಾಡ್ತೀರಿ, ಈ ಸಲ ಮನೀ ಎತ್ತು ಮಾಡ್ರಿ ನೋಡೋಣು."

ಮಾಮಾ ಟೇಪು ಹಿಡಿದು ಕೊಟ್ಟಿಗೆಗೆ ಹೋದರು. ದೇವಣಿ ಎತ್ತು ಕಿವಿಯಿಂದ ಬಾಲದವರೆಗೆ ಅಳೆಸಿಕೊಂಡಿತು. ಹೊಟ್ಟೆಯ ಸುತ್ತಳತೆಗೆ ಮಾತ್ರ ಒಪ್ಪದೆ ಒಂದು ಝಾಡಿಸಿತು. ಕುಂಟುತ್ತಲೇ ಕೂತು 1:20ರಲ್ಲಿ ಜೋಡಿ ಎತ್ತು ಮಾಡಿದರು. ಕೋಡಿನ ತಿರುವು, ಮಂಡಿಯ ಗೆಣ್ಣು, ಬಿಳಿಮೈಯ ಕರಿಮಚ್ಚೆ, ಎಲ್ಲ ಥೇಟು. ಪೂಜೆಗೆ ಜಗಲಿಯ ಮೇಲೆ ಕುಂಬಾರರ ಮನೆಯ ಎತ್ತಿನ ಪಕ್ಕ ಇಟ್ಟಾಗ ಫಜೀತಿಯಾಯಿತು. ಕುಂಬಾರರ ಎತ್ತಿಗೆ ಮೈಯ ಅರ್ಧದಷ್ಟು ಹಿಣಿಲು, ಗಿಡ್ಡ ಕಾಲು, ಜೋಳದ ಕಾಳಿನ ಕಣ್ಣು. ಜಗಲಿ ತುಂಬಿ ನಿಂತಿದ್ದವು. ಆಯಿ ಮಾಮಾನ ಎತ್ತುಗಳನ್ನು ಬಗ್ಗಿ ನೋಡಿ, "ಯಪ್ಪಾ, ಬರಗಾಲದಾಗ ಹುಟ್ಟಿದಂಗ ಅದಾವಲ್ಲೋ" ಎಂದಳು. ಕಡುಬೆಲ್ಲ ಕುಂಬಾರರ ಎತ್ತಿಗೇ ಹೋದವು.

ಮರುವರ್ಷವೂ ಮಾಮಾ ಮಾಡಿದರು. ಈ ಸಲ ಆಯಿ ಮೆಚ್ಚಿ ಎತ್ತುಗಳ ಕೊರಳಿಗೆ ದಾರ ಕಟ್ಟಿದಳು. ನಾನು ಹತ್ತಿರ ಹೋಗಿ ನೋಡಿ, "ಹಿಣಿಲು ಭಾಳ ಬೆಳದಾವಲ್ರಿ ಮಾಮಾ" ಎಂದೆ. ಮಾಮಾ ಸುತ್ತ ನೋಡಿ, ದನಿ ತಗ್ಗಿಸಿ, "ಹಿಣಿಲಷ್ಟ ಒಂದಕ್ಕ ಹತ್ತು ಹಿಡದೀನಿ. ಉಳದಿದ್ದೆಲ್ಲಾ ಒಂದಕ್ಕ ಇಪ್ಪತ್ತೇ ಅದ" ಎಂದವರೇ, ನಂಬಿಕೆ ಬರದಿದ್ದರೆ ಅಳೆದು ನೋಡು ಎಂದು ಟೇಪು ನನ್ನ ಕೈಗೆ ಕೊಟ್ಟರು.