ಜಾಂಬೋಟಿಗೆ ಕ್ಯಾಮೆರಾ ಹೊತ್ತು ಬರುವವರಿಗೆ ಬಹಿರಂಗ ಪತ್ರ



ಮಳೆ ಹಿಡಿಯಿತೆಂದರೆ ಬೆಳಗಾವಿಯಿಂದ ಚೋರ್ಲಾ ಘಾಟಿನ ದಾರಿಯಲ್ಲಿ ಜಾಂಬೋಟಿಗೆ ಬರುತ್ತೀರಿ. ವಜ್ರಪೋಹಾ ಜಲಪಾತ ಚಿತ್ರೀಕರಿಸಿ, ಅದರ ಮೇಲೊಂದು ಸಂಗೀತ, ಒಂದು ಗಂಭೀರ ದನಿ ಕೂರಿಸುತ್ತೀರಿ. ಮುಂದಿನ ಸಲ ಬರುವ ಮುನ್ನ ಒಂದು ಹಳೆಯ ಕಿರುಚಿತ್ರ ನೋಡಿ ಬನ್ನಿ ಎಂಬುದು ನನ್ನ ಕಳಕಳಿಯ ಕೋರಿಕೆ.

ಪಲೆರ್ಮೊದಲ್ಲಿ ಹುಟ್ಟಿದ ವಿತ್ತೋರಿಯೊ ದೆ ಸೆತಾ 1954ರಿಂದ 1959ರವರೆಗೆ ದಕ್ಷಿಣ ಇಟಲಿಯ ಕಡಲತೀರ, ಗುಡ್ಡಗಾಡುಗಳಲ್ಲಿ ಹತ್ತು ಸಾಕ್ಷ್ಯಚಿತ್ರ ಮಾಡಿದರು. ನಾನು ಹೇಳಿದ್ದು ಅವುಗಳಲ್ಲೊಂದು, ಸಿಸಿಲಿಯ ಕತ್ತಿಮೀನು ಬೇಟೆಯದು. ದೋಣಿಯ ಕಂಬದ ತುದಿಯಲ್ಲಿ ಒಬ್ಬ ನೀರನ್ನೇ ನೋಡುತ್ತ ನಿಂತಿರುತ್ತಾನೆ. ಮೀನು ಕಂಡೊಡನೆ ಕೂಗು. ಹುಟ್ಟು ಹಾಕುವವರ ಬೆನ್ನುಗಳು ಬಾಗುತ್ತವೆ, ಈಟಿ ಹಾರುತ್ತದೆ. ದಡದಲ್ಲಿ ಹೆಂಗಸರು ಕಾಯುತ್ತಾರೆ. ಇದನ್ನೆಲ್ಲ ವಿವರಿಸಲು ನಿರೂಪಕನೇ ಇಲ್ಲ. ಬೆಸ್ತರ ಕೂಗು, ಹಾಡು, ನೀರಿನ ಸದ್ದು, ಅಷ್ಟೇ.

ಅದೇ ಕಾಲಕ್ಕೆ ನಮ್ಮ ಟಾಕೀಸುಗಳಲ್ಲಿ ಸಿನಿಮಾಕ್ಕೆ ಮುಂಚೆ ಫಿಲ್ಮ್ಸ್ ಡಿವಿಜನ್ ಚಿತ್ರಗಳು ಕಡ್ಡಾಯವಾಗಿ ಓಡುತ್ತಿದ್ದವು. 1948ರಲ್ಲಿ ಶುರುವಾದ ಆ ಸರ್ಕಾರಿ ಸಂಸ್ಥೆ ದೇಶದ ಮೂಲೆಮೂಲೆ ಸುತ್ತಿ ದೊಡ್ಡ ಕೆಲಸ ಮಾಡಿತು. ಆದರೆ ಎಷ್ಟೋ ಚಿತ್ರಗಳಲ್ಲಿ ರೈತ ಬಾಯಿ ತೆರೆಯುವುದು ಕಾಣುತ್ತದೆ, ಕೇಳಿಸುವುದು ನಿರೂಪಕನ ಮಾತು. ಆಗ ಸಲಕರಣೆ ಭಾರವಿತ್ತು ಎನ್ನಬಹುದು. ದೆ ಸೆತಾ ಹೊತ್ತದ್ದೂ ಅಂಥದೇ ಭಾರ. ಇವತ್ತು ನಿಮ್ಮ ಜೇಬಿನ ಫೋನಿಗೆ ಆ ನೆಪವೂ ಇಲ್ಲ.

ಜಾಂಬೋಟಿಯಾಚೆಯ ಭೀಮಗಡ 2011ರಲ್ಲಿ ವನ್ಯಜೀವಿಧಾಮವಾಯಿತು. ಅದರೊಳಗೆ ಗವಾಳಿ, ಕೊಂಗಳಾ, ಆಮಗಾಂವ, ತಳೇವಾಡಿಯಂಥ ಊರುಗಳಿವೆ. ತಳೇವಾಡಿಯವರು ಪರಿಹಾರ ಪಡೆದು ಊರು ಬಿಡಲು ಒಪ್ಪಿದ್ದಾರೆ. ಮಳೆಗಾಲದಲ್ಲಿ ರೋಗಿಯನ್ನು ಹೆಗಲ ಮೇಲೆ ಹೊತ್ತು ಹಳ್ಳ ದಾಟುವ ಊರುಗಳವರಿಗೆ ಕಾಡಿನ ಸೊಬಗನ್ನು ನಾವು ಬೋಧಿಸಬೇಕಿಲ್ಲ. ಆ ನಿರ್ಧಾರ ಅವರದು. ಆದರೆ ಊರು ಎದ್ದು ಹೋಗುವಾಗ ಮಳೆಯಲ್ಲಿ ನಾಟಿ ಹಾಕುವವರ ಮಾತು, ಮರಾಠಿ, ಕೊಂಕಣಿ, ಕನ್ನಡ ಕಲಸಿದ ಜಗಳ, ಸಂಜೆ ದನ ಕೂಗಿ ಕರೆಯುವ ರೀತಿ, ಎಲ್ಲವೂ ಚದುರಿಹೋಗುತ್ತವೆ. ಜಲಪಾತ ಮುಂದಿನ ಮಳೆಗೂ ಇರುತ್ತದೆ, ಅದಕ್ಕೇನು ಅವಸರ? ಮೊದಲು ಇವನ್ನು ಹಿಡಿದಿಡಿ.

ಅರಣ್ಯ ಇಲಾಖೆಯ ಅನುಮತಿ ತನ್ನಿ. ಅದಕ್ಕೂ ಮೊದಲು ಮನೆಯವರನ್ನು ಕೇಳಿ, ಒಲ್ಲೆ ಎಂದರೆ ಕ್ಯಾಮೆರಾ ಮುಚ್ಚಿ. ಒಂದು ದಿನಕ್ಕೆ ಬಂದು ಓಡಬೇಡಿ, ನಾಟಿಯಿಂದ ಸುಗ್ಗಿಯವರೆಗೂ ಬರುತ್ತಿರಿ. ಚಿತ್ರದ ಮೊದಲ ಪ್ರದರ್ಶನ ಜಾಂಬೋಟಿಯಲ್ಲೇ ಆಗಲಿ, ಊರು ಬಿಟ್ಟವರನ್ನೂ ಕರೆಯೋಣ. ಪರದೆ ಕಟ್ಟುವ ಜಾಗ, ಕರೆಂಟು, ಬಂದವರಿಗೆ ಊಟ, ನಾವು ನೋಡಿಕೊಳ್ಳುತ್ತೇವೆ.

ಇಂತಿ,
ಜಾಂಬೋಟಿ ದಾರಿಯ ನಿಮ್ಮವ