ಡೇರೆ ಗಡ್ಡೆಯ ರಾಜ್ಯಶಾಸ್ತ್ರ: ಮಲೆನಾಡಿನ ಒಂದು ವಾರ್ಡನ್ನು ಕುರಿತ ಪ್ರೌಢಪ್ರಬಂಧ

ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಯಾರು ಗೆಲ್ಲುತ್ತಾರೆಂಬುದನ್ನು ಜಾತಿ, ಪಕ್ಷ, ಬಾಟಲಿ ಎಂಬ ಮೂರು ತತ್ತ್ವಗಳಿಂದ ವಿವರಿಸುವುದು ವಿದ್ವತ್ ವಲಯದಲ್ಲಿ ರೂಢಿ. ವಿದ್ವತ್ ವಲಯವೆಂದರೆ ನಮ್ಮಲ್ಲಿ ಸೊಸೈಟಿ ಎದುರಿನ ಕಟ್ಟೆ. ಅಲ್ಲಿನ ಪಂಡಿತರೆಲ್ಲರೂ ಗಂಡಸರು. ಅವರ ಭವಿಷ್ಯ ಪ್ರತಿ ಸಲ ಸುಳ್ಳಾಗುತ್ತದೆ, ಸುಳ್ಳಾದದ್ದಕ್ಕೆ ಕಾರಣ ಪ್ರತಿ ಸಲ ಮೊದಲೇ ಸಿದ್ಧವಿರುತ್ತದೆ. ಪ್ರಸ್ತುತ ಪ್ರಬಂಧ ಈ ಪರಂಪರೆಗೆ ದೂರದಿಂದಲೇ ನಮಸ್ಕರಿಸಿ, ಫಲಿತಾಂಶವೆಂಬುದು ಮತದಾನಕ್ಕೆ ಒಂದು ಮಳೆಗಾಲ ಮೊದಲೇ, ಮನೆಯ ಹಿತ್ತಲಲ್ಲಿ, ಡೇರೆ ಗಡ್ಡೆಯ ರೂಪದಲ್ಲಿ ತೀರ್ಮಾನವಾಗಿರುತ್ತದೆಂದು ಸಾಧಿಸಲು ಹೊರಟಿದೆ.

ಮೊದಲಿಗೆ ಸಸ್ಯದ ಕುಲಗೋತ್ರ. ಡೇರೆಯ ತವರು ಮೆಕ್ಸಿಕೊ. 1791ರಲ್ಲಿ ಮ್ಯಾಡ್ರಿಡ್‌ನ ಸಸ್ಯಶಾಸ್ತ್ರಜ್ಞ ಕವನಿಯೆಸ್, ಸ್ವೀಡನ್ನಿನ ಆಂಡರ್ಸ್ ಡಾಲ್ ಎಂಬವನ ಹೆಸರು ಉಳಿಯಲೆಂದು ಇದನ್ನು ಡಾಲಿಯಾ ಎಂದು ಕರೆದ. 1963ರಲ್ಲಿ ಮೆಕ್ಸಿಕೊ ಇದನ್ನು ರಾಷ್ಟ್ರೀಯ ಹೂವೆಂದು ಸಾರಿತು. ಇಷ್ಟನ್ನೂ ಮೇಲಿನಮನೆ ಅತ್ತಿಗೆಯ ಮುಂದೆ ಮಂಡಿಸಿದಾಗ, "ಇರಬಹುದು. ಆದ್ರೆ ಈ ಕೇಸರಿ ಬಣ್ಣದ್ದು ಮಾತ್ರ ನನ್ನ ತವರಿಂದ ಬಂದದ್ದು" ಎಂದರು. ಎರಡು ಪ್ರಮಾಣಗಳು ಪರಸ್ಪರ ವಿರುದ್ಧವಾದಾಗ ಕಾಫಿ ಕೊಟ್ಟವರ ಪ್ರಮಾಣವೇ ಬಲವತ್ತರ. ಆದ್ದರಿಂದ ಮೆಕ್ಸಿಕೊದ ವಾದವನ್ನು ಇಲ್ಲಿಗೆ ಕೈಬಿಡಲಾಗಿದೆ.

ಇನ್ನು ಕಾಲಮಾನ. ಮೃಗಶಿರ ಮಳೆ ಹಿಡಿಯುವ ಹೊತ್ತಿಗೆ ಗಡ್ಡೆ ಮಣ್ಣು ಸೇರಬೇಕು, ಗೌರಿ ಹಬ್ಬಕ್ಕೆ ಹೂ ನಿಲ್ಲಬೇಕು. ನಡುವೆ ಕೊಟ್ಟಿಗೆ ಗೊಬ್ಬರ ಹಾಕಿ, ಗಿಡ ಮಗುಚದಂತೆ ಅಡಿಕೆ ದಬ್ಬೆ ಊರಿ, ಬಾಳೆಪಟ್ಟೆಯಲ್ಲಿ ಕಟ್ಟಬೇಕು. ಗಂಡಸರು ಕೊಳೆರೋಗಕ್ಕೆ ಹೆದರಿ ತೋಟದಲ್ಲಿ ಬೋರ್ಡೋ ಹೊಡೆಸುವ ಈ ದಿನಗಳಲ್ಲೇ ಹೆಂಗಸರು ಕೊಡೆ ಹಿಡಿದು ಒಬ್ಬರ ಮನೆಗೆ ಇನ್ನೊಬ್ಬರು "ಹೂ ನೋಡಿ ಬರಲಿಕ್ಕೆ" ಹೋಗುತ್ತಾರೆ. ಕಟ್ಟೆಯ ಪಂಡಿತರು ಇದನ್ನು ಹವ್ಯಾಸವೆಂದು ತಿಳಿದಿದ್ದಾರೆ. ಮಳೆ ನಿಂತು ಗಿಡ ಒಣಗಿದ ಮೇಲೆ ಗಡ್ಡೆ ಕಿತ್ತು, ಬೂದಿಯಲ್ಲೋ ಒಣಮಣ್ಣಲ್ಲೋ ಹುಗಿದು ಇಡುತ್ತಾರೆ. ಮುಂದಿನ ಬೇಸಿಗೆಯ ಕೊನೆಗೆ ಅದು ಹೊರಬಂದಾಗ ಹಂಚಿಕೆ ಶುರು. ನಮ್ಮ ಶಾಸ್ತ್ರವೂ ಇಲ್ಲಿಂದಲೇ ಶುರು.

ಡೇರೆ ಗಡ್ಡೆಯ ಒಂದು ಗುಟ್ಟನ್ನು ತಿಳಿಯದವರಿಗೆ ಈ ಪ್ರಬಂಧದ ಮುಂದಿನ ಭಾಗ ದಕ್ಕುವುದಿಲ್ಲ. ಆಲೂಗಡ್ಡೆಗೆ ಮೈಯೆಲ್ಲ ಕಣ್ಣು. ಡೇರೆಗೆ ಕಣ್ಣಿರುವುದು ಕುತ್ತಿಗೆಯ ಬಳಿ, ಹಳೆಯ ಕಾಂಡಕ್ಕೆ ಗಡ್ಡೆ ಅಂಟಿಕೊಂಡ ಜಾಗದಲ್ಲಿ ಮಾತ್ರ. ಅಷ್ಟು ಚೂರನ್ನು ಸೇರಿಸಿ ಕೊಯ್ಯದಿದ್ದರೆ ಗಡ್ಡೆ ಎಷ್ಟು ದಪ್ಪವಿದ್ದರೂ ಚಿಗುರುವುದಿಲ್ಲ. ಹೀಗಾಗಿ ಗಡ್ಡೆದಾನ ಎರಡು ಬಗೆ: ಸನೇತ್ರ, ನಿರ್ನೇತ್ರ. ನಿರ್ನೇತ್ರದಲ್ಲಿ ಕೊಡುವವರ ಮುಖ ಹೆಚ್ಚು ಪ್ರಸನ್ನವಾಗಿರುತ್ತದೆ. "ತಗಳೇ ಮಾರಾಯ್ತಿ, ನಿಂಗೆ ಅಂತ್ಲೇ ಒಳ್ಳೆ ದಪ್ಪಂದು ಆರಿಸಿ ಇಟ್ಟಿದ್ದೆ" ಎಂಬ ವಾಕ್ಯ ಅದರ ಮುಖ್ಯ ಲಕ್ಷಣ. ಪಡೆದವರು ಆಷಾಢವಿಡೀ ಮಣ್ಣನ್ನೇ ನೋಡಿಕೊಂಡು ಕೂರುತ್ತಾರೆ. ಶ್ರಾವಣದಲ್ಲಿ ವಿಚಾರಿಸಿದರೆ, "ಈ ಸಲ ಮಳೆ ಜಾಸ್ತಿ, ಕೊಳೆತಿರ್ಬೇಕು" ಎಂಬ ಸಮಾಧಾನ ಸಿಗುತ್ತದೆ. ಪಂಚಾಯಿತಿಯಲ್ಲಿ ಠರಾವಾಗಿ ಅನುದಾನ ಬಾರದ ಕಾಲುಸಂಕದ ವಿಷಯದಲ್ಲೂ ಇದೇ ವಾಕ್ಯವನ್ನು ಅಲ್ಪ ಬದಲಾವಣೆಯೊಡನೆ ಕೇಳಬಹುದು.

ಮೂರನೆಯದೊಂದು ಬಗೆಯಿದೆ, ಅದನ್ನು ದಾನವೆನ್ನಲು ಬರುವುದಿಲ್ಲ. ಕದ್ದು ನೆಟ್ಟ ಗಿಡ ಚೆನ್ನಾಗಿ ಹತ್ತುತ್ತದೆಂಬುದು ನಮ್ಮ ಕಡೆಯ ಗಟ್ಟಿ ನಂಬಿಕೆ. ನೆಪೋಲಿಯನ್ನನ ಹೆಂಡತಿ ಜೋಸೆಫೀನ್ ತನ್ನ ಮಾಲ್ಮೇಸೋನ್ ತೋಟದ ಡೇರೆಯನ್ನು ಯಾರಿಗೂ ಕೊಡದೆ ಕಾದದ್ದು, ಕೊನೆಗೆ ಯಾರೋ ತೋಟದವನಿಗೆ ಲಂಚ ಕೊಟ್ಟು ಗಡ್ಡೆ ಸಾಗಿಸಿದ್ದು ಒಂದು ದಂತಕಥೆ. ರಾಣಿ ಎರಡು ಸನೇತ್ರ ಗಡ್ಡೆಯನ್ನು ಮೊದಲೇ ಕೊಟ್ಟಿದ್ದರೆ ಮುಗಿಯುತ್ತಿತ್ತು. ಆಡಳಿತದ ಅನುಭವ ಸಾಲದು.

ಈಗ ಪೂರ್ವಪಕ್ಷ: ಗಡ್ಡೆಗೂ ವೋಟಿಗೂ ಏನು ಸಂಬಂಧ? ಉತ್ತರ ಕಾನೂನಿನಲ್ಲೇ ಇದೆ. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಅಂದರೆ ಅಭ್ಯರ್ಥಿ ನಮಗೆ ಭಾವನೋ ಚಿಕ್ಕಮ್ಮನೋ ಆಗದೇ ಇರುವುದು ಕಷ್ಟ. ಪಕ್ಷದ ಚಿಹ್ನೆ ಇಲ್ಲ. ಕುಕ್ಕರ್, ಹೊಲಿಗೆ ಯಂತ್ರ, ಆಟೋರಿಕ್ಷಾದಂಥ ಗೃಹೋಪಯೋಗಿ ಸಿದ್ಧಾಂತಗಳ ನಡುವೆ ಸ್ಪರ್ಧೆ. ಒಂದೇ ವಾರ್ಡಿಗೆ ಇಬ್ಬರು ಮೂವರು ಸದಸ್ಯರಿರುವ ಕಡೆ ಮತದಾರರಿಗೂ ಅಷ್ಟೇ ವೋಟು. ಕಟ್ಟೆಯ ಪಂಡಿತರು ಎಡವುವುದು ಈ ಲೆಕ್ಕದಲ್ಲೇ. ಒಂದು ವೋಟು ಜಾತಿಗೆ ಹೋಗುತ್ತದೆ, ಒಂದು ನಂಟಿಗೆ. ಮಿಕ್ಕದ್ದು ಎಲ್ಲಿಗೆ ಹೋಯಿತೆಂದು ಅವರು ಮೊಬೈಲ್‌ನಲ್ಲಿ ಕೂಡಿ ಕಳೆಯುತ್ತಿರುತ್ತಾರೆ. ಅದು ಹೋದದ್ದು ಕಣ್ಣಿದ್ದ ಗಡ್ಡೆಯ ಬೆನ್ನಿಗೆ.

2020ರ ಚುನಾವಣೆ ಡಿಸೆಂಬರ್ 22 ಮತ್ತು 27ರಂದು ಎರಡು ಹಂತದಲ್ಲಿ ನಡೆಯಿತು. ಅದು ಅಡಿಕೆ ಕೊಯ್ಲಿನ ಕಾಲ. ರಾತ್ರಿ ಅಂಗಳದಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯುವವರ ಸಾಲು. ಅಭ್ಯರ್ಥಿಯಾದವನು ಬಂದು, ಕೈಮುಗಿದು, ಅಭ್ಯಾಸ ತಪ್ಪಿದ್ದರೂ ನಾಲ್ಕು ಅಡಿಕೆ ಸುಲಿದು, ಬೆರಳು ಉಳಿಸಿಕೊಂಡು ಏಳಬೇಕು. ಮಂಗನ ಕಾಟ, ರಸ್ತೆ, ಬೀದಿದೀಪ ಎಂದೆಲ್ಲ ಚರ್ಚೆ ಜೋರಾಗಿ ನಡೆಯುತ್ತದೆ. ಹೆಂಗಸರು ಮಾತಾಡುವುದಿಲ್ಲ. ಇವನ ಹೆಂಡತಿ ಹಿಂದಿನ ಬೇಸಿಗೆಯಲ್ಲಿ ಕೊಟ್ಟ ಬಿಳಿ ಡೇರೆ ಚಿಗುರಿತ್ತೇ ಎಂಬುದಷ್ಟೇ ಅವರ ಪ್ರಣಾಳಿಕೆ, ಅದನ್ನು ಯಾರೂ ಅಚ್ಚು ಹಾಕಿಸಿಲ್ಲ.

ವಂಶಪಾರಂಪರ್ಯದ ಬಗ್ಗೆಯೂ ಡೇರೆ ಬೆಳಕು ಚೆಲ್ಲುತ್ತದೆ. ಈ ಗಿಡದಲ್ಲಿ ವರ್ಣತಂತುಗಳ ಎಂಟು ಪ್ರತಿಗಳಿವೆ. ಹಾಗಾಗಿ ಬೀಜ ಬಿತ್ತಿದರೆ ತಾಯಿಯ ಬಣ್ಣವೇ ಬರುವ ಭರವಸೆಯಿಲ್ಲ. ಮಾಜಿ ಅಧ್ಯಕ್ಷರ ಮಗ ನಾಮಪತ್ರ ಸಲ್ಲಿಸಿದಾಗ ಊರವರು ಈ ತತ್ತ್ವವನ್ನು ಓದದೆಯೇ ಅನ್ವಯಿಸಿದರು.

ಮೀಸಲಾತಿಯ ಚರ್ಚೆಯಿಲ್ಲದೆ ಪ್ರಬಂಧ ಪೂರ್ಣವಾಗದು. 1983ರ ಕಾನೂನು ಮಹಿಳೆಯರಿಗೆ ನೂರಕ್ಕೆ 25 ಸ್ಥಾನ ಕೊಟ್ಟಿತು, 1993ರದ್ದು ಮೂರನೆಯ ಒಂದು, ಆಮೇಲೆ ಅದು ಅರ್ಧವಾಯಿತು. ಅರ್ಧವಾದ ಕೂಡಲೇ ಹಲವು ಕಡೆ ಗಂಡಂದಿರು ತಾವೇ ಗೆದ್ದಂತೆ ಹೊಸ ಬಿಳಿ ಅಂಗಿ ಹೊಲಿಸಿದರು. ಹೆಂಡತಿಯ ಹೆಸರಿನ ಫಲಕದ ಹಿಂದೆ ಗಂಡ ಕೂತು ಪಿಡಿಒ ಜೊತೆ ಮಾತಾಡುವುದು ಹೊಸ ಸಂಗತಿಯಲ್ಲ. ಆದರೆ ಅವನ ಅಧಿಕಾರಕ್ಕೊಂದು ಮಿತಿಯಿದೆ. ಗಡ್ಡೆಯ ಡಬ್ಬ ಎಲ್ಲಿದೆಯೆಂದು ಅವನಿಗೆ ಗೊತ್ತಿಲ್ಲ. ಗೊತ್ತಾದರೂ ಯಾವುದು ಕೇಸರಿ, ಯಾವುದು ಬಿಳಿ ಎಂದು ಒಣಗಡ್ಡೆ ನೋಡಿ ಹೇಳಲಾರ. ಕತ್ತಿ ಕೊಟ್ಟರೆ ಕಣ್ಣು ಬಿಟ್ಟೇ ಕೊಯ್ಯುತ್ತಾನೆ. ಮುಂದಿನ ಚುನಾವಣೆಯಲ್ಲಿ ಅವನೇ ನಿಂತು ಸೋತಾಗ ಕಟ್ಟೆಯವರು ಒಳಏಟು ಎಂದರು. ಅದು ನಿರ್ನೇತ್ರ ದಾನದ ಫಲವೆಂದು ಈ ಪ್ರಬಂಧಕಾರನ ಅಭಿಪ್ರಾಯ.

ಕೊನೆಯ ಆಕ್ಷೇಪ ಕೆಳಗಿನಮನೆ ಭಾವನದು. ಈಗೆಲ್ಲ ಅಂಗಳದ ತುಂಬ ಆಂಥೂರಿಯಂ, ಆರ್ಕಿಡ್ ಬಂದಿವೆ, ದುಡ್ಡು ಕೊಟ್ಟರೆ ನರ್ಸರಿಯಲ್ಲಿ ಬೇಕಾದ ಬಣ್ಣ ಸಿಗುತ್ತದೆ, ನಿಮ್ಮ ಸಿದ್ಧಾಂತ ಹಳತಾಯಿತು ಎಂಬುದು ಅವರ ವಾದ. ಆಕ್ಷೇಪ ಗಂಭೀರವಾದದ್ದೇ. ಆದರೆ ದುಡ್ಡು ಕೊಟ್ಟು ತಂದ ಗಿಡದಿಂದ ಯಾರಿಗೂ ಋಣ ಹತ್ತುವುದಿಲ್ಲ. ಮೇಲಾಗಿ ನರ್ಸರಿಯವನ ಹೆಸರು ನಮ್ಮ ವಾರ್ಡಿನ ಮತದಾರರ ಪಟ್ಟಿಯಲ್ಲೇ ಇಲ್ಲ.