ನಂಬರಿಗೆ ಮುಸುಕು

(ಭಾನುವಾರ. ಸಾವನದುರ್ಗದ ಬುಡದಲ್ಲಿ ಎಳನೀರಿನ ಗಾಡಿ. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ ಬಂಡೆ ಹುಡುಗನ ಫೋನಿನ ಫೋಟೋದಲ್ಲಿ ಕಾರಿನ ಹಿಂದೆ ಅಡಗಿದೆ.)

ಅಜ್ಜ: ಏನ್ ಮಗಾ, ಆಗಿಂದ ಫೋನ್ ಉಜ್ತಾ ಕುಂತಿದ್ದೀಯ?

ಹುಡುಗ: ಕಾರಿನ ನಂಬರ್ ಮಸುಕು ಮಾಡ್ತಿದ್ದೀನಿ ಅಜ್ಜ. ನಂಬರ್ ಸಿಕ್ಕಿದ್ರೆ ಯಾವ ಆರ್‌ಟಿಓ, ಯಾವ ಮಾಡೆಲ್ಲು, ಇನ್ಶೂರೆನ್ಸ್ ಎಲ್ಲಿವರೆಗೆ ಅಂತ ಸರ್ಕಾರದ ಆ್ಯಪೇ ಹೇಳುತ್ತೆ. ಯಾರಾದ್ರೂ ಅದೇ ನಂಬರಿನ ನಕಲಿ ಪ್ಲೇಟ್ ಹಾಕ್ಕೊಂಡು ಸಿಗ್ನಲ್ ಹಾರಿದ್ರೆ ನೋಟಿಸ್ ನಮ್ಮನೆಗೆ!

ಅಜ್ಜ: ಅದೂ ದಿಟವೇ. ಹೆಸರೂ ಬತ್ತದಾ?

ಹುಡುಗ: ಅರ್ಧ ಅಕ್ಷರ, ಅರ್ಧ ನಕ್ಷತ್ರ.

ಅಜ್ಜ: ಇದು ಫ್ಯಾನ್ಸಿ ನಂಬರಲ್ವಾ?

ಹುಡುಗ: ಹರಾಜಲ್ಲಿ ಲಕ್ಷ ಕೊಟ್ಟು ಕೂಗಿದ್ದು!

ಅಜ್ಜ: ಲಕ್ಷ ಕೊಟ್ಟು ತಗಂಡು, ಪುಕ್ಸಟ್ಟೆ ಅಳುಸ್ತಾ ಇದ್ದೀಯ. ಅದಿರ್ಲಿ, ಹಿಂದಿನ ಗಾಜಿನ ಮ್ಯಾಲೆ ಮಗೀನ ಹೆಸರು, ಮುಂದೆ ಅಪಾರ್ಟ್‌ಮೆಂಟಿನ ಸ್ಟಿಕ್ಕರು, ಅದರಾಗೆ ಮನೆ ನಂಬರು. ಅವಕ್ಕೆ ಮುಸುಕಿಲ್ವಾ?

ಹುಡುಗ: ಅಯ್ಯೋ...

ಅಜ್ಜ: ಫೋಟೋ ಕೆಳಗೇನ್ ಬರ್ದಿದ್ದೀಯ, ಓದು.

ಹುಡುಗ: 'ಮನೆಗೆ ಬೀಗ ಜಡಿದು ಫ್ಯಾಮಿಲಿ ಸಮೇತ ಸಾವನದುರ್ಗ. ವಾಪಸ್ ಬರೋದು ರಾತ್ರಿಗೇ!'

ಅಜ್ಜ: ಕಳ್ಳನಿಗೆ ಕಾರಿನ ನಂಬರ್ ಯಾಕೆ ಮಗಾ, ಟೈಮ್ ಸಿಕ್ತಲ್ಲ!

(ಪ್ಲೇಟಿಗೆ ಮಾಸ್ಕ್ ಕಟ್ಟಿದ ಬೈಕೊಂದು ಮಾಗಡಿ ಕಡೆಗೆ ಹಾರುತ್ತದೆ. ಸವಾರನ ತಲೆಯ ಮೇಲೆ ಹೆಲ್ಮೆಟ್ ಇಲ್ಲ.)

ಹುಡುಗ: ಅವನಿಗೂ ಪ್ರೈವೆಸಿ ಬೇಕೇನೋ.

ಅಜ್ಜ: ಅವನಿಗೆ ಬೇಕಿರೋದು ಕ್ಯಾಮೆರಾದಿಂದ ಪ್ರೈವೆಸಿ!

ಓದುಗರೇ, ಫೋಟೋದಲ್ಲಿ ನಂಬರ್ ಧಾರಾಳವಾಗಿ ಮುಚ್ಚಿ, ತಪ್ಪೇನಿಲ್ಲ. ರಸ್ತೆಯಲ್ಲಿ ಮಾತ್ರ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅದು ಸ್ಪಷ್ಟವಾಗಿ ಕಾಣಲೇಬೇಕು.